ಬಿಸಿಲಿಗೆ ಒಗ್ಗುವ ಗುಳಿಗೆ

ಯಾರೋ ಭುಜ ಹಿಡಿದು ಜಗ್ಗಿದಾಗ ಗಂಗಾಳಿಗೆ ಎಚ್ಚರವಾಯಿತು. ಎದುರಿಗೆ ಓರಗಿತ್ತಿ ನಾಗಕ್ಕನ ಬೆವೆತ ಮುಖ. ಅವಳ ಬಾಯಿ ಆಡುತ್ತಿರುವುದು ಮೊದಲು ಕಂಡಿತು, ಮಾತು ಆಮೇಲೆ ಕೇಳಿಸಿತು.

"ಏಳೇ ಗಂಗಾ! ನಾಯಿ ಬಿದ್ದಾವೆ ಕುರಿಗೆ! ಅವಾಗಿಂದ ಬಡಕಳ್ತಾ ಇದೀನಿ, ಎಂಥ ನಿದ್ದೇನೇ ನಿಂದು!"

ಗಂಗಾ ಕೋಲು ಊರಿ ಎದ್ದಳು. ಹೊಂಗೆಮರದ ನೆರಳು ತಾನು ಕೂತಾಗ ಇದ್ದ ಜಾಗ ಬಿಟ್ಟು ಆಚೆ ಬದಿಗೆ ಸರಿದುಹೋಗಿತ್ತು. ಓಡಬೇಕೆಂದುಕೊಂಡರೂ ಕಾಲುಗಳು ಕೆಸರಿನಲ್ಲಿ ಹೂತಂತೆ ಒಂದೊಂದಾಗಿ ಕಿತ್ತು ಬಂದವು. ಗುಡ್ಡದ ಇಳಿಜಾರು ಮುಟ್ಟುವಷ್ಟರಲ್ಲಿ ನಾಯಿಗಳು ಹಳ್ಳ ದಾಟಿದ್ದವು. ಅರ್ಧ ಹಿಂಡು ಯಾರದೋ ಈರುಳ್ಳಿ ಹೊಲದಲ್ಲಿ ಚೆಲ್ಲಾಪಿಲ್ಲಿಯಾಗಿ ನಿಂತಿತ್ತು. ಹುಟ್ಟಿ ತಿಂಗಳೂ ತುಂಬದ ಮರಿಯೊಂದು ಕತ್ತು ಹರಿದು ಬಂಡೆಯ ಪಕ್ಕ ಬಿದ್ದಿತ್ತು. ಅದರ ತಾಯಿ ಸ್ವಲ್ಪ ದೂರದಲ್ಲಿ ನಿಂತು ಒಂದೇ ಸಮನೆ ಅರಚುತ್ತಿತ್ತು.

ನಾಗಕ್ಕ ಹೊಲದಿಂದ ಕುರಿ ಹೊರಗೆ ಹೊಡೆಯಲು ಓಡಿದಳು. ಗಂಗಾ ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಮೈ ಇನ್ನೂ ಬೆಚ್ಚಗಿತ್ತು. ಕುರಿಗಳ ನಡುವೆಯೇ ಬೆಳೆದವಳಿಗೆ ಸತ್ತ ಮರಿ ಹೊಸದಲ್ಲ. ಆದರೂ ಪ್ರತಿ ಸಲ ಎದೆಯೊಳಗಿಂದ ಏನೋ ಕಿತ್ತು ಬರುತ್ತಿತ್ತು. ಈ ಸಲ ಏನೂ ಬರಲಿಲ್ಲ. ಬರಬಹುದೇನೋ ಎಂದು ಮರಿಯ ಕಿವಿ ಸವರುತ್ತ ಕಾದಳು. ಬರಲಿಲ್ಲ. ಹೀಗೆ ಬಾರದೇ ಇರುವುದಕ್ಕೆ ಹೆದರಿಕೆಯಾದರೂ ಆಗಬೇಕಿತ್ತು. ಅದೂ ಆಗಲಿಲ್ಲ.

ಐಮಂಗಲದಿಂದ ಒಳಕ್ಕೆ ಹೋಗುವ ಮಣ್ಣುದಾರಿಯಲ್ಲಿ ಅವರ ಹಟ್ಟಿ. ಗಂಡ ಜುಂಜೇಶ್ ಬೆಳಿಗ್ಗೆ ಸಂಜೆ ಹಾಲಿನ ಗಾಡಿ ಓಡಿಸುತ್ತಾನೆ. ಕುರಿಗಳ ಜವಾಬ್ದಾರಿ ಮೊದಲಿನಿಂದಲೂ ಗಂಗಾಳದು. ಹರಿಯಬ್ಬೆಯ ತೌರುಮನೆಯಿಂದ ಮದುವೆಯಲ್ಲಿ ಹೊಡೆದುಕೊಂಡು ಬಂದ ನಾಲ್ಕು ಕುರಿಗಳನ್ನು ಹಿಂಡು ಮಾಡಿದವಳು ಅವಳೇ. ಭಾವ ದೊಡ್ಡತಿಮ್ಮಪ್ಪನ ಕುರಿಗಳೂ ಅದೇ ಹಿಂಡಿನಲ್ಲಿ ಮೇಯುತ್ತಿದ್ದವು, ಒಂದೇ ಮುಳ್ಳುಬೇಲಿಯ ರೊಪ್ಪದಲ್ಲಿ ಮಲಗುತ್ತಿದ್ದವು.

ಸಂಜೆ ದೊಡ್ಡತಿಮ್ಮಪ್ಪ ಬೈಯಲಿಲ್ಲ. ಜಗಲಿಯ ಮೇಲೆ ಕೂತು ತುಂಬ ಮೆತ್ತಗೆ ಮಾತಾಡಿದ. "ಹೋಗ್ಲಿ ಬಿಡವ್ವ, ಒಂದು ಮರಿ ತಾನೆ. ನೀನು ಇನ್ ಮ್ಯಾಲೆ ಮನೇಲಿರು. ನಿಂಗೂ ಸುಖ. ನಿನ್ ಪಾಲಿನ ಕುರೀನ ಕೊಟ್ಬಿಡಾಣ. ಹಿರಿಯೂರಿನ ಗೌಸ್ ಸಾಬ್ರಿಗೆ ಬಂದು ನೋಡ್ಕಂಡು ಹೋಗಕ್ಕೆ ಹೇಳ್ತೀನಿ. ಏನಂತೀಯ?"

"ಹೂಂ" ಎಂದಳು ಗಂಗಾ.

ಜುಂಜೇಶ್ ಹಾಲಿನ ಕ್ಯಾನು ತೊಳೆಯುತ್ತಿದ್ದವನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತೊಳೆಯತೊಡಗಿದ.

ಅವಳ ಕಾಯಿಲೆ ಹಟ್ಟಿಗೆಲ್ಲ ಗೊತ್ತಿತ್ತು. ಮಗಳು ರೋಜಾ ಚಿಕ್ಕವಳಿದ್ದಾಗ ಒಂದು ಸಲ ಗಂಗಾ ವಾರವಿಡೀ ನಿದ್ದೆಯಿಲ್ಲದೆ, ಹಸಿವಿಲ್ಲದೆ, ಹಾಡಿಕೊಂಡು ತಿರುಗಿದ್ದಳು. ಮನೆಮನೆಗೆ ಹೋಗಿ ಮರಿಗಳನ್ನು ಹಂಚಿದ್ದಳು. ಬೇಡವೆಂದವರ ಬಾಗಿಲಿಗೂ ಕಟ್ಟಿಬಂದಿದ್ದಳು. ದೇವರು ಬಂದಿದೆ ಎಂದು ಕೆಲವರು ಕೈಮುಗಿದರು. ಆಮೇಲೆ ಅವಳೇ ಗೋಡೆಗೆ ಮುಖ ಮಾಡಿ ಮಲಗಿ, ಉಣ್ಣೆ ಕತ್ತರಿಸುವ ಕಾಲ ಬಂದು ಹೋದರೂ ಏಳದಿದ್ದಾಗ, ಗಾಳಿ ಸೋಕಿದೆ ಎಂದು ಅದೇ ಜನ ದೂರ ನಿಂತರು. ಹೀಗೆ ಮೂರ್ನಾಲ್ಕು ಸಲ ಏರಿ ಬಿದ್ದ ಮೇಲೆ ಜುಂಜೇಶ್ ಅವಳನ್ನು ಹಿರಿಯೂರಿನ ಆಸ್ಪತ್ರೆಗೆ ಕರೆದೊಯ್ದಿದ್ದ. ಅಲ್ಲಿಗೆ ಮಂಗಳವಾರ ಚಿತ್ರದುರ್ಗದಿಂದ ಬರುತ್ತಿದ್ದ ಡಾಕ್ಟರ್ ಶಾಹಿಸ್ತಾ, ಇದಕ್ಕೆ ಬೈಪೋಲಾರ್ ಅನ್ನುತ್ತಾರೆ, ಬಿಪಿ ಶುಗರ್ ಇದ್ದ ಹಾಗೆ ಇದೂ ಒಂದು ಕಾಯಿಲೆ ಎಂದು ಹೇಳಿ ಲೀಥಿಯಂ ಗುಳಿಗೆ ಶುರುಮಾಡಿದ್ದರು.

ಲೀಥಿಯಂ ನುಂಗುತ್ತ ವರ್ಷಗಳೇ ಹೋದವು. ಕೈ ಸ್ವಲ್ಪ ನಡುಗುತ್ತಿತ್ತು, ಬಾಯಾರಿಕೆ ಜಾಸ್ತಿ, ಅಷ್ಟೆ. ಗಂಗಾ ಮೊದಲಿನ ಗಂಗಾ ಆಗಿದ್ದಳು. ಬೆಳಕು ಹರಿಯುವ ಮುಂಚೆ ಎದ್ದು, ದಾರಿಯುದ್ದಕ್ಕೂ ಬೈಯುತ್ತ, ನಗುತ್ತ ಕುರಿ ಹೊಡೆದುಕೊಂಡು ಹೋಗುವವಳು. ಆದರೆ ಈ ವರ್ಷದ ಏಪ್ರಿಲ್ ಬಿಸಿಲಿನಲ್ಲಿ ವಾಂತಿ ಭೇದಿ ಶುರುವಾಗಿ, ಕೈಕಾಲು ಅದುರಿ, ನಾಲಿಗೆ ತೊದಲಿ ಅವಳು ಗುಡ್ಡದ ಮೇಲೆಯೇ ಕುಸಿದುಬಿದ್ದಳು. ದುರ್ಗದ ಆಸ್ಪತ್ರೆಯಲ್ಲಿ ರಕ್ತ ನೋಡಿ, ಲೀಥಿಯಂ ಮೈಯಲ್ಲಿ ವಿಷದ ಮಟ್ಟಕ್ಕೆ ಏರಿದೆ ಎಂದರು. ಆ ಗುಳಿಗೆ ನಿಂತಿತು. ಬದಲಿಗೆ ವಾಲ್‌ಪ್ರೊಯೇಟ್ ಬಂತು.

ಜೀವ ಉಳಿಯಿತು. ಆದರೆ ಅವತ್ತಿನಿಂದ ಗಂಗಾ ತೊಯ್ದ ಕಂಬಳಿಯಂತಾದಳು. ಕೂತಲ್ಲಿ ನಿದ್ದೆ, ಎಷ್ಟು ತಿಂದರೂ ಹಸಿವು. ಬಾಚಣಿಗೆಗೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಡಾಕ್ಟರು ಒಮ್ಮೆ ಡೋಸ್ ಇಳಿಸಿ ನೋಡಿದರು. ನಿದ್ದೆ ಕಡಿಮೆಯಾಯಿತು ನಿಜ, ಆದರೆ ಕೆಲವೇ ದಿನಗಳಲ್ಲಿ ಮಾತು ಓಡತೊಡಗಿತು, ಕಣ್ಣಿಗೆ ಹಳೆಯ ಹೊಳಪು ಬಂತು. ಹೆದರಿ ಮತ್ತೆ ಏರಿಸಿದರು. ಕಂಬಳಿ ಮತ್ತೆ ತೊಯ್ದಿತು. ಮನೆಯವರಿಗೆ ಮಾತ್ರ ಇದೇ ಹಿತವಾಗಿತ್ತು. "ಈಗ ನೋಡು, ಎಷ್ಟು ಚೆಂದಾಗಿ ಒಂದು ಕಡೆ ಕುಂತಿರ್ತಾಳೆ" ಎಂದು ದೊಡ್ಡತಿಮ್ಮಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

ಮರಿ ಸತ್ತ ಆ ಭಾನುವಾರವೇ ರಾತ್ರಿ ರೋಜಾಳ ಫೋನ್ ಬಂತು. ಅವಳು ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ತಾನು ಏನು ಕೇಳಿದರೂ ತಾಯಿ "ಹೂಂ", "ಆಯ್ತು" ಎನ್ನುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಅವ್ವ, ಟೆಸ್ಟಲ್ಲಿ ನಂಗೆ ಮಾರ್ಕ್ಸ್ ಕಮ್ಮಿ ಬಂದೈತೆ."

"ಆಯ್ತು."

"ಆಯ್ತಾ? ಕೆಮಿಸ್ಟ್ರೀಲಿ ಫೇಲ್ ಆಗಿದೀನಿ ಕಣವ್ವ."

"ಹೂಂ."

ಆ ಕಡೆಯಿಂದ ಹುಡುಗಿ ಅಳುವ ಸದ್ದು. "ಬೈಯವ್ವ. ಬಾಯಿಗೆ ಬಂದಂಗೆ ಬೈಯಾದ್ರೂ ಬೈ. ಹಿಂಗೆ ಇರಬ್ಯಾಡ ನೀನು. ನಂಗೆ ಭಯ ಆಗ್ತೈತೆ."

ಗಂಗಾ ಫೋನ್ ಹಿಡಿದುಕೊಂಡು ಬೈಗುಳಕ್ಕಾಗಿ ತಡಕಾಡಿದಳು. ಇಡೀ ಹಟ್ಟಿಯೇ ಕಿವಿ ಮುಚ್ಚಿಕೊಳ್ಳುವಂತೆ ಬೈಯಬಲ್ಲವಳಿಗೆ ಒಂದೇ ಒಂದು ಮಾತೂ ಸಿಗಲಿಲ್ಲ. ಫೋನಿಟ್ಟ ಮೇಲೆ, ಬಹಳ ನಿಧಾನವಾಗಿ, ಬಾವಿಯ ತಳದಿಂದ ಕೊಡ ಮೇಲೆ ಬಂದಂತೆ, ಒಂದು ಸಿಟ್ಟು ಅವಳೊಳಗೆ ಏರಿ ಬಂತು. ಆ ಸಿಟ್ಟನ್ನು ಚೆಲ್ಲದಂತೆ ಮಂಗಳವಾರದವರೆಗೆ ಕಾಪಾಡಿಕೊಂಡಳು. ಮಂಗಳವಾರ ಬೆಳಿಗ್ಗೆ, ಕುರಿ ನೋಡಿಕೋ ಎಂದು ನಾಗಕ್ಕನಿಗಷ್ಟೇ ಹೇಳಿ, ಐಮಂಗಲದವರೆಗೆ ನಡೆದು ಹಿರಿಯೂರಿನ ಬಸ್ ಹತ್ತಿದಳು.

ಡಾಕ್ಟರ್ ಶಾಹಿಸ್ತಾ ಅವಳೊಬ್ಬಳೇ ಒಳಗೆ ಬಂದಿದ್ದನ್ನು ನೋಡಿ ಬಾಗಿಲ ಕಡೆ ಇಣುಕಿದರು. "ಕುಂತ್ಕಳಿ ಗಂಗಮ್ಮ. ಜೊತೆಗೆ ಯಾರೂ ಬಂದಿಲ್ವಾ?"

"ನಾನು ಬಂದಿದೀನಲ್ಲ. ಕಾಯಿಲೆ ನಂದೇ ಅಲ್ವಾ?" ಗಂಗಾ ಕೂತಳು. ನಾಲಿಗೆ ದಪ್ಪವಾಗಿದ್ದರೂ ಮಾತನ್ನು ಒಂದೊಂದಾಗಿ ಹೊರಗೆ ತಂದಳು. "ಮೇಡಮ್ಮೋರೆ, ಈ ಗುಳಿಗೆ ನಂಗೆ ಬ್ಯಾಡ."

"ಬಿಟ್ಟುಬಿಟ್ರಾ?"

"ಬಿಟ್ಟಿಲ್ಲ. ಬಿಟ್ರೆ ಏನಾಗ್ತೈತೆ ಅಂತ ನಂಗೊತ್ತು. ಅದಕ್ಕೇ ನುಂಗ್ಕಂಡೇ ಬಂದಿದೀನಿ, ನಿಮ್ಮ ಹತ್ರ ಜಗಳ ಆಡಕ್ಕೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಗಂಗಾ ಮರಿಯ ವಿಷಯ ಹೇಳಿದಳು. ಮಗಳ ಫೋನಿನ ವಿಷಯ ಹೇಳಿದಳು. ಕುರಿ ಮಾರುವುದಕ್ಕೆ ತಾನು ಹೂಂ ಎಂದಿದ್ದನ್ನು ಹೇಳುವಾಗ ಮೇಜಿನ ಮೇಲೆ ಬಾಗಿದಳು. "ನನ್ ಕುರಿ ಮಾರ್ತೀನಿ ಅಂದ್ರೆ ಹೂಂ ಅಂದೆ ನಾನು! ಅದೆಂಥ ಗುಳಿಗೆ ಅದು?"

"ಏಪ್ರಿಲ್‌ನಲ್ಲಿ ನೀವು ಸತ್ತೇ ಹೋಗ್ತಿದ್ರಿ ಗಂಗಮ್ಮ."

"ಈಗ ಬದುಕಿದೀನಾ, ನೋಡಿ ಹೇಳ್ರಿ."

ಹೊರಗೆ ಸರದಿಯಲ್ಲಿದ್ದ ಯಾರೋ ಬಾಗಿಲು ತಳ್ಳಿ ನೋಡಿ ಮುಚ್ಚಿಕೊಂಡು ಹೋದರು.

"ನಾವು ಸಂತೇಲಿ ಕುರಿ ತಗಳ್ಳೋವಾಗ ಒಂದನ್ನೇ ನೋಡಿ ತಗಳಲ್ಲ" ಎಂದಳು ಗಂಗಾ. "ಹಲ್ಲು ನೋಡ್ತೀವಿ, ಬೆನ್ನು ಮುಟ್ತೀವಿ, ನಡಿಗೆ ನೋಡ್ತೀವಿ. ಹತ್ತು ನೋಡಿ ಒಂದು ಹಿಡಿತೀವಿ. ನೀವು ನಂಗೆ ಒಂದು ತೆಗೆದು ಇನ್ನೊಂದು ಕೊಟ್ರಿ. ಈ ಕಾಯಿಲೆಗೆ ಏನೇನು ಗುಳಿಗೆ ಅವೆ? ಎಲ್ಲಾನೂ ಈ ಮೇಜಿನ ಮ್ಯಾಲೆ ಇಡ್ರಿ. ನಾನು ನೋಡ್ಬೇಕು."

ಶಾಹಿಸ್ತಾ ಅವರ ಮುಖದಲ್ಲಿ ಮೊದಲು ಬೇಸರ ಹಾದುಹೋಯಿತು, ಆಮೇಲೆ ನಗು. ಎದ್ದುಹೋಗಿ ಕಪಾಟಿನಿಂದ ನಾಲ್ಕು ಗುಳಿಗೆ ಪಟ್ಟಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಇದು ನಿಮಗೆ ಗೊತ್ತು, ಲೀಥಿಯಂ. ಏರೋದನ್ನೂ ತಡೆಯುತ್ತೆ, ಕುಸಿಯೋದನ್ನೂ ತಡೆಯುತ್ತೆ. ಸಾಯ್ಬೇಕು ಅನ್ನೋ ಯೋಚನೆ ದೂರ ಇಡೋದ್ರಲ್ಲಿ ಇದರಷ್ಟು ಒಳ್ಳೇದು ಕಮ್ಮಿ. ಆದ್ರೆ ಇದು ಮದ್ದಾಗೋದಕ್ಕೂ ವಿಷ ಆಗೋದಕ್ಕೂ ನಡುವೆ ಜಾಗ ಚಿಕ್ಕದು. ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದ್ರೆ ರಕ್ತದಲ್ಲಿ ಏರುತ್ತೆ. ಕಿಡ್ನಿ, ಥೈರಾಯ್ಡ್ ನೋಡ್ತಾ ಇರ್ಬೇಕು."

"ಇದು?"

"ಈಗ ನೀವು ತಗೋತಿರೋದು. ಏರಿದ್ದನ್ನ ಬೇಗ ಇಳಿಸುತ್ತೆ. ಬಿಸಿಲಿನ ಭಯ ಅಷ್ಟಿಲ್ಲ. ನಿದ್ದೆ, ಹಸಿವು, ಕೂದಲು ಉದುರೋದು ನೀವೇ ನೋಡಿದೀರಿ. ಲಿವರ್ ಮೇಲೆ ಕಣ್ಣಿಡಬೇಕು. ಮಕ್ಕಳಾಗೋ ವಯಸ್ಸಿನ ಹೆಣ್ಮಕ್ಕಳಿಗೆ ಕೊಡೋದಿಲ್ಲ, ಹೊಟ್ಟೇಲಿರೋ ಮಗುಗೆ ಕೆಟ್ಟದ್ದು. ನಿಮಗೆ ಆಪರೇಷನ್ ಆಗಿದೆ ಅಂತ ಕೊಟ್ಟಿದ್ದು." ಡಾಕ್ಟರು ಮೂರನೆಯದನ್ನು ಮುಟ್ಟಿದರು. "ಇದು ಲಾಮೊಟ್ರಿಜಿನ್. ತೂಕ ಏರಲ್ಲ, ಮಂಪರು ಕಮ್ಮಿ."

ಗಂಗಾಳ ಕೈ ಅದರ ಕಡೆ ಹೋಯಿತು.

"ತಡೀರಿ. ಇದು ಕುಸಿಯೋದನ್ನ ತಡೆಯುತ್ತೆ, ಏರೋದನ್ನ ಅಷ್ಟಾಗಿ ತಡೆಯಲ್ಲ. ನಿಮಗೆ ಏರೋದೇ ಜಾಸ್ತಿ. ಇದನ್ನ ವಾರಗಟ್ಟಲೆ ಚೂರುಚೂರೇ ಹೆಚ್ಚಿಸ್ಬೇಕು. ಆತುರ ಮಾಡಿದ್ರೆ ಮೈಯೆಲ್ಲ ಗುಳ್ಳೆ ಎದ್ದು ಪ್ರಾಣಕ್ಕೇ ಬರಬಹುದು."

ಗಂಗಾ ಕೈ ಹಿಂದಕ್ಕೆ ತೆಗೆದುಕೊಂಡಳು. ನಾಲ್ಕನೆಯದು ಕ್ವೆಟಿಯಾಪಿನ್. ಏರುವುದಕ್ಕೂ ಕುಸಿಯುವುದಕ್ಕೂ ಆಗುತ್ತದೆ, ಆದರೆ ಇದರಲ್ಲೂ ನಿದ್ದೆ ಇದೆ, ತೂಕ ಏರಬಹುದು, ದಿಢೀರನೆ ಎದ್ದರೆ ತಲೆ ತಿರುಗಬಹುದು ಎಂದು ಡಾಕ್ಟರು ಹೇಳಿ ಮುಗಿಸುವ ಮೊದಲೇ ಗಂಗಾ ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು. "ಇವನು ಅವನ ತಮ್ಮ" ಎಂದು ವಾಲ್‌ಪ್ರೊಯೇಟ್ ತೋರಿಸಿದಳು.

"ಹಾಗೇನಿಲ್ಲ. ಎಷ್ಟೋ ಜನ ಇವುಗಳಲ್ಲಿ ಆರಾಮಾಗಿದಾರೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲ್ಲ, ಅಷ್ಟೆ."

"ನಂಗೆ ಒಗ್ಗಿದ್ದು ಇದು." ಗಂಗಾ ಲೀಥಿಯಂ ಪಟ್ಟಿಯ ಮೇಲೆ ಬೆರಳಿಟ್ಟಳು. "ಇದನ್ನ ಕೊಡ್ರಿ."

"ಕುರಿ ಕಾಯೋದು ಬಿಡ್ತೀರಾ? ಬಿಸಿಲಲ್ಲಿ ದಿನವಿಡೀ..."

"ಅದೊಂದು ಮಾತ್ರ ಹೇಳಬ್ಯಾಡ್ರಿ. ಕುರಿ ಬಿಟ್ಟು ಮನೇಲಿ ಕುಂತ್ಕಂಡು ನುಂಗಕ್ಕೆ ನಂಗೆ ಗುಳಿಗೆನೇ ಬ್ಯಾಡ. ಬಿಸಿಲು ನಮ್ಮ ಸೀಮೇದು, ಅದನ್ನ ನಾನೂ ನೀವೂ ಬದಲು ಮಾಡಕ್ಕಾಗಲ್ಲ. ಇಷ್ಟು ವರ್ಷ ಅದೇ ಬಿಸಿಲಲ್ಲೇ ಇದನ್ನ ನುಂಗ್ಕಂಡು ತಿರುಗಿದೀನಿ. ಆಗೆಲ್ಲ ಏನೂ ಆಗಲಿಲ್ಲ."

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಅದೇ ನನಗೂ ಅರ್ಥ ಆಗಿರ್ಲಿಲ್ಲ. ಈ ಸಲ ಮಾತ್ರ ಯಾಕಾಯ್ತು? ಬೇರೆ ಏನಾದ್ರೂ ಗುಳಿಗೆ ತಗೊಂಡಿದ್ರಾ? ಅವತ್ತು ಕೇಳಿದಾಗ ಇಲ್ಲ ಅಂದಿದ್ರಿ."

"ಇಲ್ಲ. ಮಂಡಿನೋವಿಗೆ ಮೆಡಿಕಲ್ ಶಾಪಿಂದ ತಂದಿದ್ದು ಒಂದು ಬಿಟ್ರೆ."

"ಮಂಡಿನೋವಿಗೆ ಏನು?"

"ನೋವಿನ ಗುಳಿಗೆ. ಕೆಂಪು ಬಣ್ಣದ್ದು. ದಿನಾ ಎರಡು ನುಂಗ್ತಿದ್ದೆ. ಉಗಾದಿ ಹಬ್ಬ ಆದ ಮ್ಯಾಲಿಂದ."

ಶಾಹಿಸ್ತಾ ಕುರ್ಚಿಯಿಂದ ಅರ್ಧ ಎದ್ದರು. "ಗಂಗಮ್ಮ! ಲೀಥಿಯಂ ಜೊತೆ ಅದನ್ನ ತಗೋಬಾರದು ಅಂತ ಮೊದಲನೇ ದಿನಾನೇ ಹೇಳಿದ್ದೆ. ಆ ಗುಳಿಗೆ ಲೀಥಿಯಂನ ಮೈಯಿಂದ ಹೊರಗೆ ಹೋಗೋಕೆ ಬಿಡಲ್ಲ. ಅದರ ಮೇಲೆ ಆ ಬಿಸಿಲು. ಅದನ್ನ ಯಾಕೆ ಹೇಳ್ಲಿಲ್ಲ ನೀವು?"

"ನೋವಿಗೆ ನುಂಗೋದೂ ಒಂದು ಗುಳಿಗೆನಾ ಅಂದ್ಕಂಡೆ" ಎಂದಳು ಗಂಗಾ, ಮೊದಲ ಸಲ ತಲೆ ತಗ್ಗಿಸಿ. ಮರುಕ್ಷಣವೇ ಎತ್ತಿದಳು. "ತಪ್ಪು ನಂದು. ಒಪ್ಕಂಡೆ. ಆ ತಪ್ಪಿಗೆ ಜೀವಮಾನ ಪೂರ್ತಿ ನಿದ್ದೆ ಮಾಡ್ಬೇಕಾ?"

ಡಾಕ್ಟರು ತುಂಬ ಹೊತ್ತು ಹಳೆಯ ರಕ್ತದ ವರದಿಗಳನ್ನು ತಿರುವಿದರು. ಕೊನೆಗೆ ಹೇಳಿದರು. ಕಿಡ್ನಿ ಸರಿಯಾಗಿದೆ ಎಂದು ಪರೀಕ್ಷೆಯಲ್ಲಿ ಬಂದರೆ, ಕಡಿಮೆ ಪ್ರಮಾಣದಿಂದ ಮತ್ತೆ ಶುರುಮಾಡಬಹುದು. ಈಗಿನ ಗುಳಿಗೆಯನ್ನು ಆಮೇಲೆ ನಿಧಾನವಾಗಿ ಇಳಿಸಬೇಕು, ಅಲ್ಲಿಯವರೆಗೆ ಒಂದು ದಿನವೂ ತಪ್ಪಿಸುವಂತಿಲ್ಲ. ಹೇಳಿದಾಗೆಲ್ಲ ರಕ್ತ ಕೊಡಬೇಕು. ನೋವು ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಮುಟ್ಟಬಾರದು. ವಾಂತಿ ಭೇದಿಯಾದರೆ ಲೀಥಿಯಂ ನಿಲ್ಲಿಸಿ ಸೀದಾ ಆಸ್ಪತ್ರೆಗೆ ಬರಬೇಕು.

"ಇನ್ನೊಂದಿದೆ. ವಿಷ ಏರ್ತಿದ್ದಾಗ ಅದು ನಿಮಗೇ ಗೊತ್ತಾಗಲ್ಲ. ನೋಡಿ ಗುರುತು ಹಿಡಿಯೋರು ಜೊತೇಲಿರ್ಬೇಕು. ನಿಮ್ಮ ಯಜಮಾನ್ರನ್ನ ಮುಂದಿನ ಮಂಗಳವಾರ ಕರ್ಕೊಂಡು ಬರ್ರಿ. ಅವರು ಒಪ್ಪಿದ್ರೆ ನಾನೂ ಒಪ್ತೀನಿ."

"ಅವರು ಅಣ್ಣನ ಮಾತು ಮೀರೋರಲ್ಲ" ಎಂದಳು ಗಂಗಾ.

"ಆ ಜಗಳ ನನ್ನ ಕೈಲಿಲ್ಲ ಗಂಗಮ್ಮ. ಅದನ್ನ ನೀವೇ ಆಡ್ಬೇಕು."

ಸಂಜೆ ಹಟ್ಟಿಗೆ ವಾಪಸು ಬಂದಾಗ ರೊಪ್ಪದ ಮುಂದೆ ಒಂದು ಬೈಕು ನಿಂತಿತ್ತು. ಹಿರಿಯೂರಿನ ಕುರಿ ವ್ಯಾಪಾರಿ ಮಹಮ್ಮದ್ ಗೌಸ್ ಒಳಗೆ ಬಗ್ಗಿ ಒಂದು ಕುರಿಯ ಬೆನ್ನು ಒತ್ತಿ ನೋಡುತ್ತಿದ್ದ. ಬೇಲಿಯ ಹೊರಗೆ ದೊಡ್ಡತಿಮ್ಮಪ್ಪ ಟವೆಲು ಹೆಗಲಿಗೆ ಹಾಕಿ ನಿಂತಿದ್ದ. ನಾಗಕ್ಕ ದೂರದಲ್ಲಿ ಸಗಣಿ ಬುಟ್ಟಿ ಹಿಡಿದುಕೊಂಡಿದ್ದಳು.

ಗಂಗಾ ಸೀದಾ ಹೋಗಿ ರೊಪ್ಪದ ಬಾಗಿಲಿಗೆ ಅಡ್ಡ ನಿಂತಳು. ನಡೆದು ಬಂದಿದ್ದಕ್ಕೆ ಏದುಸಿರು ಬರುತ್ತಿತ್ತು.

"ಸಾಬ್ರೆ, ಹೊರಗೆ ಬರ್ರಿ. ಕುರಿ ಕೊಡಲ್ಲ ನಾನು."

ಗೌಸ್ ನೆಟ್ಟಗಾಗಿ ಇಬ್ಬರನ್ನೂ ನೋಡಿದ. ದೊಡ್ಡತಿಮ್ಮಪ್ಪ ನಕ್ಕ. "ನೀನೇ ಹೂಂ ಅಂದಿದ್ದೆಯಲ್ಲವ್ವ, ಎಲ್ಲರ ಮುಂದೆ."

"ಅವತ್ತು ಹೂಂ ಅಂದೆ. ಇವತ್ತು ಊಹೂಂ ಅಂತೀನಿ."

"ಬೆಳಿಗ್ಗೆಯಿಂದ ಎಲ್ಲಿ ಹೋಗಿದ್ದೆ?"

"ಆಸ್ಪತ್ರೆಗೆ. ಗುಳಿಗೆ ಬದಲು ಮಾಡ್ಸಕ್ಕೆ. ಲೀಥಿಯಂ ಮತ್ತೆ ಶುರು ಮಾಡ್ತಾರೆ."

ದೊಡ್ಡತಿಮ್ಮಪ್ಪನ ನಗು ಹೋಯಿತು. "ಸಾಯಕ್ಕೆ ಹೊರಟಿದೀಯೇನು? ಅದನ್ನ ತಿಂದೇ ಅಲ್ವಾ ಬಿದ್ದಿದ್ದು? ಈಗ ಎಷ್ಟು ತಣ್ಣಗಿದ್ದೆ. ಯಾರಿಗೂ ತೊಂದರೆ ಇರಲಿಲ್ಲ."

"ತೊಂದರೆ ನಂಗಿತ್ತು ಭಾವ. ನನ್ನ ಯಾರೂ ಕೇಳ್ಲಿಲ್ಲ." ಅವಳ ದನಿ ಏರಿತು. ತಿಂಗಳುಗಳಿಂದ ಅಷ್ಟು ಏರದಿದ್ದ ದನಿ ಕೇಳಿ ಕುರಿಗಳು ಕಿವಿ ನಿಮಿರಿಸಿದವು. "ನಾನು ಕುಂತಲ್ಲೇ ಕುಂತಿದ್ರೆ, ಹೂಂ ಅಂದ್ಕಂಡಿದ್ರೆ ಅದು ವಾಸಿ ಆದಂಗಾ? ಸತ್ತ ಮರಿ ಮಡ್ಲಾಗಿಟ್ಕಂಡು ಒಂದು ತೊಟ್ಟು ಕಣ್ಣೀರು ಬರಲಿಲ್ಲ ನಂಗೆ. ಅದನ್ನ ವಾಸಿ ಅಂತಾರಾ?"

"ನೋಡಿದ್ರಾ ಸಾಬ್ರೆ? ಶುರುವಾಯ್ತು. ಹಿಂಗೇ ಏರ್ತಾಳೆ ಇವಳು."

"ಸಿಟ್ಟು ಬಂದ್ರೆ ಕಾಯಿಲೆನಾ ಭಾವ? ನಿಮಗೆ ದಿನಾ ಬರ್ತೈತಲ್ಲ. ನಿಮಗೆ ಯಾವ ಗುಳಿಗೆ ಕೊಡಿಸಾಣ?"

ನಾಗಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ದೊಡ್ಡತಿಮ್ಮಪ್ಪ ಹೆಂಡತಿಯ ಬೆನ್ನನ್ನು ಉರಿಯುವ ಕಣ್ಣಿನಿಂದ ನೋಡಿದ. ಆಗಲೇ ಜುಂಜೇಶನ ಹಾಲಿನ ಗಾಡಿ ಬಂದು ನಿಂತಿತು.

"ಬಂದೆಯಾ? ನೋಡು ನಿನ್ ಹೆಂಡ್ತೀನ" ಎಂದ ದೊಡ್ಡತಿಮ್ಮಪ್ಪ. "ಮತ್ತೆ ಆ ವಿಷ ತಿಂತಾಳಂತೆ. ಕುರಿ ಕೊಡಲ್ಲಂತೆ. ನೀನೇ ಹೇಳು."

ಜುಂಜೇಶ್ ಗಾಡಿ ಇಳಿದು ಅಲ್ಲೇ ನಿಂತ. ಗೌಸ್ ರೊಪ್ಪದಿಂದ ಹೊರಬಂದು ಕೈಯ ಧೂಳು ಕೊಡವಿಕೊಂಡ. "ನೋಡು ತಿಮ್ಮಪ್ಪ, ಅಳೋರ ಮನೆ ಕುರಿ ಹೊಡ್ಕಂಡು ಹೋಗೋ ವ್ಯಾಪಾರ ನಮ್ಮಪ್ಪನೂ ಮಾಡಲಿಲ್ಲ, ನಾನೂ ಮಾಡಲ್ಲ. ಈ ಕುರಿ ಯಾರವು, ಅದನ್ನ ಮೊದಲು ಹೇಳ್ರಿ. ಅವರು ಕೊಡ್ತೀನಿ ಅಂದ್ರೆ ತಗಳ್ತೀನಿ."

ಗಂಗಾ ಗಂಡನ ಮುಖ ನೋಡಿದಳು. "ನೀವು ಹೇಳ್ರಿ. ನಿಮಗೂ ನಾನು ಹಿಂಗಿದ್ರೇ ಚೆಂದಾನಾ?"

ಜುಂಜೇಶ್ ಚಪ್ಪಲಿಯ ತುದಿಯಿಂದ ಮಣ್ಣು ಕೆದರಿದ. "ಸುಳ್ಳು ಹೇಳಲ್ಲ" ಎಂದ. "ಮೊದಮೊದಲು ಚೆಂದ ಅನ್ನಿಸ್ತಿತ್ತು. ಜಗಳ ಇಲ್ಲ, ಕೂಗಾಟ ಇಲ್ಲ. ಆಮೇಲೆ ಹಾಲು ಹಾಕಿ ಬರೋವಾಗ ಯಾರೂ ಇಲ್ಲದ ಮನೆಗೆ ಬಂದಂಗೆ ಆಗೋದು." ಆಮೇಲೆ ಗಂಗಾಳ ಕಡೆ ತಿರುಗಿದ. "ಆದ್ರೆ ಅವತ್ತು ನಿನ್ನ ಗುಡ್ಡದಿಂದ ಹೊತ್ಕಂಡು ಇಳಿದೋನು ನಾನು. ನೀನು ಏನೋ ಹೇಳಕ್ಕೆ ಹೋಗ್ತಿದ್ದೆ, ನಾಲಿಗೆ ತಿರುಗ್ತಿರಲಿಲ್ಲ. ಮತ್ತೆ ಹಂಗೇ ಆದ್ರೆ ನಾನೇನು ಮಾಡ್ಲಿ?"

"ಹಂಗಾಗೋ ಮುಂಚೇನೇ ಗುರುತು ಹಿಡಿಯೋದು ಕಲ್ತುಕಳ್ರಿ. ಡಾಕ್ಟ್ರು ಕಲಿಸ್ತಾರಂತೆ. ಮಂಗಳವಾರ ನನ್ ಜೊತೆ ಬರ್ರಿ."

ಜುಂಜೇಶ್ ಅಣ್ಣನನ್ನು ನೋಡಿದ, ಹಟ್ಟಿಯ ದಾರಿಯನ್ನು ನೋಡಿದ. ಆಮೇಲೆ ಗೌಸ್ ಕಡೆ ತಿರುಗಿದ. "ಕುರಿ ಅವಳವು ಸಾಬ್ರೆ. ಅವಳ ತೌರಿಂದ ಬಂದವು. ಅವಳು ಕೊಡಲ್ಲ ಅಂದ್ರೆ ಕೊಡಲ್ಲ."

"ಲೇ ಜುಂಜ!" ಎಂದ ದೊಡ್ಡತಿಮ್ಮಪ್ಪ. "ನಾಳೆ ಹೆಣ ಎತ್ತೋ ಹೊತ್ತಿಗೆ ನನ್ನ ಕರಿಯಬ್ಯಾಡ."

"ಕರಿಯಲ್ಲಣ್ಣ" ಎಂದ ಜುಂಜೇಶ್. ಹಾಗೆಂದವನ ಕೈ ಗಾಡಿಯ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು.

ಮುಂದಿನ ಮಂಗಳವಾರ ಅವನು ಡಾಕ್ಟರ ಮುಂದೆ ಶಾಲೆಯ ಹುಡುಗನಂತೆ ಕೂತ. ಕೈ ಎಂದಿಗಿಂತ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ಭೇದಿ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ತುಟಿಯಲ್ಲೇ ಮತ್ತೆ ಮತ್ತೆ ಹೇಳಿಕೊಂಡ. ಅವಳು ನಿದ್ದೆಯಿಲ್ಲದೆ ಕುಣಿಯತೊಡಗಿದರೆ ಅದನ್ನೂ ತಿಳಿಸಬೇಕು ಎಂದರು ಡಾಕ್ಟರು.

"ಇವಳು ನನ್ನ ಮಾತು ಕೇಳದಿದ್ರೆ ಮೇಡಂ?"

"ಇದೊಂದು ವಿಷಯಕ್ಕೆ ಕೇಳ್ತೀನಿ" ಎಂದಳು ಗಂಗಾ. "ಬೇರೆ ಯಾವುದಕ್ಕೂ ಕೇಳಲ್ಲ."

ಶಾಹಿಸ್ತಾ ನಗುತ್ತ ಚೀಟಿ ಬರೆದರು.

ಲೀಥಿಯಂ ನಿಧಾನವಾಗಿ ಒಳಗೆ ಬಂತು, ಇನ್ನೊಂದು ನಿಧಾನವಾಗಿ ಹೊರಗೆ ಹೋಯಿತು. ದೀಪಾವಳಿಯ ಹೊತ್ತಿಗೆ ಒಂದು ಬೆಳಿಗ್ಗೆ ಯಾರೂ ಎಬ್ಬಿಸದೆ ಗಂಗಾಳಿಗೆ ಎಚ್ಚರವಾಯಿತು. ಹೊರಗೆ ಬಂದು ಚಳಿಯಲ್ಲಿ ನಿಂತಳು. ರೊಪ್ಪದಿಂದ ಕುರಿಗಳ ಬಿಸಿ ವಾಸನೆ ಬಂತು. ಇದ್ದಕ್ಕಿದ್ದಂತೆ, ಎಷ್ಟೋ ವಾರಗಳ ಹಿಂದೆ ಸತ್ತ ಆ ಮರಿಗಾಗಿ ಅಳು ಬಂತು. ಬೇಲಿ ಹಿಡಿದುಕೊಂಡು, ಮೂಗು ಸೋರುವವರೆಗೆ ಅತ್ತಳು.

ಎಲ್ಲವೂ ಸರಿಹೋಯಿತೆಂದಲ್ಲ. ದೊಡ್ಡತಿಮ್ಮಪ್ಪ ತನ್ನ ಕುರಿಗಳನ್ನು ಬೇರೆ ಮಾಡಿಕೊಂಡು ಬೇರೆ ರೊಪ್ಪ ಹಾಕಿದ. ತಮ್ಮನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ. ನಾಗಕ್ಕ ಅವನ ಕಣ್ಣು ತಪ್ಪಿಸಿ ಬಂದು ಹೋಗುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಗಂಗಾಳಿಗೆ ನಿದ್ದೆ ಕಡಿಮೆಯಾಗಿ, ಬಿಸಿಲೆಲ್ಲ ಬಂಗಾರದಂತೆ ಕಾಣತೊಡಗಿತು. ಜುಂಜೇಶ್ ಅದನ್ನು ಗಮನಿಸಿ ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು. "ಏರ್ತಾ ಐತೆ ನಂಗೆ. ನಾಳೆ ಹೋಗಾಣ." ಡಾಕ್ಟರು ರಕ್ತ ನೋಡಿ ಪ್ರಮಾಣ ಸ್ವಲ್ಪ ಹೆಚ್ಚಿಸಿದರು. ಅದು ಇಳಿಯಿತು. ಮತ್ತೆ ಬರಬಹುದು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಏಪ್ರಿಲ್ ಬಂತು. ಈ ಕಡೆಯ ಗುಡ್ಡದಲ್ಲಿ ಹುಲ್ಲು ಸುಟ್ಟುಹೋಗಿದ್ದರಿಂದ ಕುರಿಗಳನ್ನು ಹೆದ್ದಾರಿಯ ಆಚೆಗೆ ಹೊಡೆಯಬೇಕಾಯಿತು. ಜುಂಜೇಶ್ ಬೆಳಗಿನ ಹಾಲು ಮುಗಿಸಿ, ನೀರಿನ ಕ್ಯಾನು ಮತ್ತು ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಂಡು, ಆ ಕಡೆಯ ಜಾಲಿಮರದ ಹತ್ತಿರ ಗಾಡಿ ನಿಲ್ಲಿಸಿ ಕಾಯುತ್ತಿದ್ದ. ಗಂಗಾ ರಸ್ತೆಯ ಈ ಬದಿಯಲ್ಲಿ ಹಿಂಡು ಗುಂಪುಗೂಡುವವರೆಗೆ ನಿಂತಳು. ಆಮೇಲೆ ಕೋಲು ಅಡ್ಡ ಹಿಡಿದು ಟಾರಿನ ಮೇಲೆ ಕಾಲಿಟ್ಟಳು.

ಬೆಂಗಳೂರಿನ ಕಡೆಯಿಂದ ಬರುತ್ತಿದ್ದ ಲಾರಿ ಬ್ರೇಕು ಹಾಕಿ ನಿಂತಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಕಾರುಗಳ ಸಾಲು. ಕುರಿಗಳು ಒಂದರ ಬೆನ್ನಿಗೊಂದು ಒತ್ತಿಕೊಂಡು ದಾಟತೊಡಗಿದವು. ಬಿಳಿ ಕಾರಿನವನೊಬ್ಬ ಹಾರ್ನ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಕೊನೆಗೆ ಗಾಜು ಇಳಿಸಿ ತಲೆ ಹೊರಹಾಕಿ ಕೂಗಿದ, "ಏಯ್, ಬೇಗ ಹೊಡಿಯಮ್ಮ!"

"ಕುರಿ ನಡೆದಷ್ಟೇ ನಡಿಯೋದು. ಗಾಡಿ ಆಫ್ ಮಾಡ್ಕಂಡು ಕುಂತ್ಕ" ಎಂದಳು ಗಂಗಾ, ಅವನ ಕಡೆ ತಿರುಗದೆ.

ಹಿಂಡಿನ ಕೊನೆಯಲ್ಲಿ ಒಂದು ಮುದಿ ಕುರಿ ರಸ್ತೆಯ ನಟ್ಟನಡುವೆ ನಿಂತು, ಬಿಳಿ ಗೆರೆಯ ಮೇಲೆ ಯಾವುದೋ ಲಾರಿಯಿಂದ ಉದುರಿದ್ದ ಮೆಕ್ಕೆಜೋಳದ ಕಾಳನ್ನು ಒಂದೊಂದಾಗಿ ಹೆಕ್ಕತೊಡಗಿತು. ಎರಡೂ ಕಡೆ ಎಂಜಿನ್ನುಗಳು ಗುರುಗುಟ್ಟುತ್ತಿದ್ದವು. ಗಂಗಾ ಕೋಲನ್ನು ನೆಲಕ್ಕೆ ಊರಿ, ಅದು ತಿಂದು ಮುಗಿಸುವವರೆಗೆ ಕಾದಳು.